ತಾಂಡೇಲ ಯಾವ ಸಿದ್ಧಾಂತದವನು?

ಕುಮಟಾದಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಒಂದು ಪ್ರಶ್ನೆ ಜೂನ್ ತಿಂಗಳ ಮಳೆಯಷ್ಟೇ ಖಾತ್ರಿಯಾಗಿ ಬರುತ್ತಿತ್ತು: 'ಮೆಕ್‌ಗ್ರೆಗರನ ಎಕ್ಸ್ ಮತ್ತು ವೈ ಸಿದ್ಧಾಂತಗಳ ವ್ಯತ್ಯಾಸ ತಿಳಿಸಿ.' ಐದು ಅಂಕ. ಪುಟದ ನಡುವೆ ಗೆರೆ ಎಳೆಯುವುದು, ಎಡಕ್ಕೆ ಎಕ್ಸ್, ಬಲಕ್ಕೆ ವೈ, ಗೈಡಿನಲ್ಲಿದ್ದ ಐದೈದು ಸಾಲು ಇಳಿಸುವುದು. ಎಡಗಡೆಯ ಯಜಮಾನ ದುಷ್ಟ, ಬಲಗಡೆಯವನು ಸಾಧು. ಬರೆದವರಿಗೂ ಬೇಸರ, ತಿದ್ದುವವನಿಗೂ ಬೇಸರ.

ಒಂದು ಕಿರುಪರೀಕ್ಷೆಯಲ್ಲಿ ಭಟ್ಕಳ ಕಡೆಯ ಹುಡುಗನೊಬ್ಬ ಗೆರೆ ಎಳೆಯಲೇ ಇಲ್ಲ. ಅವನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: 'ನಮ್ಮ ಅಪ್ಪ ಬೋಟಿನಲ್ಲಿ ತಾಂಡೇಲ. ನೀರಿಗೆ ಇಳಿದ ಮೇಲೆ ಯಾರ ಮಾತೂ ಕೇಳೂದಿಲ್ಲ, ಎಲ್ಲರಿಗೂ ಬಯ್ಯುತ್ತಾರೆ. ಹಾಗಾಗಿ ಎಕ್ಸ್. ಆದರೆ ಅವರ ಕಲಾಸಿಗಳು ಬಿಟ್ಟು ಬೇರೆ ಬೋಟಿಗೆ ಹೋಗೂದಿಲ್ಲ. ಹಾಗಾಗಿ ಸಿದ್ಧಾಂತ ಸರಿಯಿಲ್ಲ.' (ತಾಂಡೇಲ ಅಂದರೆ ಬೋಟು ನಡೆಸುವ ಮುಖಂಡ, ಕಲಾಸಿಗಳು ಅವನ ಕೈಕೆಳಗೆ ದುಡಿಯುವವರು.) ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದು ಐದಕ್ಕೆ ಎರಡು ಕೊಟ್ಟೆ. ಆ ನಾಲ್ಕು ಸಾಲು ಮಾತ್ರ ತಲೆಯಿಂದ ಹೋಗಲಿಲ್ಲ.

ಡಗ್ಲಸ್ ಮೆಕ್‌ಗ್ರೆಗರ್ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕ, ಅವನ ಪುಸ್ತಕ ಬಂದದ್ದು 1960ರಲ್ಲಿ. ಮನುಷ್ಯ ಹುಟ್ಟಾ ಮೈಗಳ್ಳ, ಬೆನ್ನ ಹಿಂದೆ ಯಾರಾದರೂ ನಿಂತರೆ ಮಾತ್ರ ದುಡಿಯುತ್ತಾನೆ, ಜವಾಬ್ದಾರಿ ಕಂಡರೆ ಜಾರಿಕೊಳ್ಳುತ್ತಾನೆ ಎಂದು ನಂಬುವುದು ಎಕ್ಸ್. ಆಟದಷ್ಟೇ ಕೆಲಸವೂ ಸಹಜ, ತನ್ನದು ಅನ್ನಿಸಿದ ಕೆಲಸಕ್ಕೆ ಮನುಷ್ಯ ತಾನಾಗಿ ಮೈ ಬಗ್ಗಿಸುತ್ತಾನೆ ಎಂದು ನಂಬುವುದು ವೈ. ಗೈಡುಗಳು ನುಂಗಿಹಾಕುವ ಸಂಗತಿ ಏನೆಂದರೆ, ಎರಡೂ ಯಜಮಾನನ ತಲೆಯೊಳಗಿನ ನಂಬಿಕೆಗಳು, ನಾಲಿಗೆಯ ಗುಣಗಳಲ್ಲ. 'ದಯವಿಟ್ಟು' ಎನ್ನುತ್ತಲೇ ಹಾಜರಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವನು ಎಕ್ಸ್ ಆಗಿರಬಹುದು. ವಂಶವೆಲ್ಲ ಎತ್ತಿ ಬಯ್ದು, ರಾತ್ರಿ ಚುಕ್ಕಾಣಿಯನ್ನು ಎಳೆಯ ಹುಡುಗನ ಕೈಗೆ ಕೊಟ್ಟು ಮಲಗುವವನು ವೈ ಆಗಿರಬಹುದು. ನನ್ನ ವಿದ್ಯಾರ್ಥಿ ತಪ್ಪಿದ್ದು ಇಲ್ಲಿ. ಅದನ್ನು ತಿಳಿಸಿಕೊಡಬೇಕಾದ ಮೇಷ್ಟ್ರು 'ವಿಷಯಾಂತರ' ಎಂದು ಬರೆದು ಕೈತೊಳೆದುಕೊಂಡದ್ದೂ ಇಲ್ಲೇ.

ನಿವೃತ್ತಿಯ ನಂತರ ಭಟ್ಕಳ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ತಾಲೂಕಿನ ತದಡಿ, ಈ ಮೂರು ಕಡೆ ಸುಮ್ಮನೆ ಹೋಗಿ ಕೂರುವ ಚಟ ಅಂಟಿತು. ಒಮ್ಮೆ ಪರ್ಸೀನ್ ಬೋಟಿನಲ್ಲಿ ಹೋಗಿಯೂ ಬಂದೆ. ಅಲ್ಲಿ ಕಂಡದ್ದನ್ನು ಹೇಳಿದರೆ ಹುಡುಗನ ಅಪ್ಪ ಯಾಕೆ ಬಯ್ಯುತ್ತಾರೆ ಅನ್ನುವುದು ತಿಳಿಯುತ್ತದೆ.

ತಾಂಡೇಲ ಮುಂದೆ ನಿಂತಿರುತ್ತಾನೆ. ಈಗ ಮೀನು ತೋರಿಸುವ ಯಂತ್ರವಿದೆ. ಆದರೂ ಅವನ ಕಣ್ಣು ನೀರಿನ ಬಣ್ಣದ ಮೇಲೆ, ಹಕ್ಕಿಗಳ ಮೇಲೆ. ಬಂಗಡೆಯ ಹಿಂಡು ಕಂಡಿತು ಎಂದಾದರೆ ಕೈ ಎತ್ತುತ್ತಾನೆ. ಅಲ್ಲಿಂದ ಮುಂದೆ ಎಲ್ಲವೂ ನಿಮಿಷಗಳ ಆಟ. ಬಲೆಯ ಒಂದು ತುದಿ ಚಿಕ್ಕ ದೋಣಿಯಲ್ಲಿ ಉಳಿಯುತ್ತದೆ, ಬೋಟು ಬಲೆ ಬಿಡುತ್ತಾ ಹಿಂಡನ್ನು ಸುತ್ತಿ ಬಂದು ಅದೇ ತುದಿಯನ್ನು ಕೂಡಿಕೊಳ್ಳಬೇಕು. ಆಮೇಲೆ ತಳದ ಉಂಗುರಗಳಲ್ಲಿ ಪೋಣಿಸಿದ ಹಗ್ಗವನ್ನು ಎಳೆದರೆ ಬಲೆಯ ಅಡಿ ಚೀಲದ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ. ಒಬ್ಬ ಎರಡು ಕ್ಷಣ ತಡ ಮಾಡಿದರೆ ಮೀನು ತಳದಿಂದ ಇಳಿದು ಹೋಗುತ್ತದೆ. ಹಗ್ಗದ ಸುರುಳಿಯಲ್ಲಿ ಕಾಲಿಟ್ಟರೆ ಮನುಷ್ಯನೇ ಹೋಗುತ್ತಾನೆ. ಅಂಥ ಹೊತ್ತಿನಲ್ಲಿ 'ನಿಮ್ಮೆಲ್ಲರ ಅಭಿಪ್ರಾಯವೇನು' ಎಂದು ಕೇಳುವ ತಾಂಡೇಲನ ಬೋಟಿಗೆ ನಾನಂತೂ ಹತ್ತಲಾರೆ.

ಫ್ರೆಡ್ ಫೀಡ್ಲರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಹೇಳಿದ್ದು ಇದನ್ನೇ. ನಾಯಕತ್ವದ ಒಳ್ಳೆಯ ಶೈಲಿ, ಕೆಟ್ಟ ಶೈಲಿ ಎಂಬುದಿಲ್ಲ; ಸಂದರ್ಭ ಒಪ್ಪುವ ಶೈಲಿ, ಒಪ್ಪದ ಶೈಲಿ ಎಂಬುದಿದೆ. ನಾಯಕನ ಮೇಲೆ ತಂಡಕ್ಕೆ ನಂಬಿಕೆ ಇದೆಯೇ, ಕೆಲಸ ಎಷ್ಟು ಖಚಿತ, ಅವನ ಕೈಯಲ್ಲಿ ಎಷ್ಟು ಅಧಿಕಾರ, ಈ ಮೂರನ್ನು ನೋಡಿ ಎಂದ. ಮೂರೂ ಚೆನ್ನಾಗಿದ್ದರೆ, ಅಥವಾ ಮೂರೂ ಹಾಳಾಗಿದ್ದರೆ, ಕೆಲಸವೇ ಮುಖ್ಯ ಎನ್ನುವ ಗಡಸು ನಾಯಕ ಗೆಲ್ಲುತ್ತಾನೆ. ನಡುವಿನ ಸ್ಥಿತಿಯಲ್ಲಿ ಮನುಷ್ಯರನ್ನು ಮಾತಾಡಿಸಿಕೊಂಡು ಹೋಗುವವನು ಗೆಲ್ಲುತ್ತಾನೆ. ಬೋಟಿನಲ್ಲಿ ಕೆಲಸ ಖಚಿತ, ಅಧಿಕಾರ ಖಚಿತ. ನಂಬಿಕೆಯೊಂದು ಉಳಿಯಿತು. ಅದು ಹುಟ್ಟುವುದು ನೀರಿನಲ್ಲಲ್ಲ, ದಡದಲ್ಲಿ, ಲೆಕ್ಕ ಮಾಡುವಾಗ.

ಹರಾಜು ಮುಗಿದ ಮೇಲೆ ಚೀಟಿ ಹಿಡಿದು ಕೂತವರನ್ನು ನೋಡಬೇಕು. ಮಾರಿದ ಹಣದಲ್ಲಿ ಮೊದಲು ಡೀಸೆಲ್, ಐಸ್, ಅಕ್ಕಿ ಸಾಮಾನು, ಹರಾಜಿನವರ ಕಮಿಷನ್ ಕಳೆಯುತ್ತಾರೆ. ಉಳಿದದ್ದು ಬೋಟಿನ ಮಾಲೀಕರಿಗೂ ದುಡಿದವರಿಗೂ ಒಪ್ಪಿತ ಪ್ರಮಾಣದಲ್ಲಿ ಪಾಲಾಗುತ್ತದೆ. ದುಡಿದವರ ಪಾಲಿನಲ್ಲಿ ತಾಂಡೇಲನಿಗೆ ಕಲಾಸಿಗಿಂತ ಹೆಚ್ಚು. ಸುಮ್ಮನೆ ಒಂದು ಲೆಕ್ಕ ಹಾಕೋಣ. ಲಕ್ಷ ರೂಪಾಯಿಯ ಮೀನು ಬಿದ್ದು 40 ಸಾವಿರ ಖರ್ಚಾದರೆ 60 ಸಾವಿರ ಹಂಚಿಕೆಗೆ ಉಳಿಯಿತು. ಬರೀ 30 ಸಾವಿರದ ಮೀನು ಬಿದ್ದರೆ? ಹಂಚಲು ಏನೂ ಇಲ್ಲ. ತಾಂಡೇಲನಿಗೂ ಇಲ್ಲ. ಬೆಳಿಗ್ಗೆಯಿಂದ ಬಯ್ದವನೂ ಬಯ್ಸಿಕೊಂಡವರೂ ಖರ್ಚಿಗೆ ಸಿಗುವ ಬಾಟಾ ಹಿಡಿದು ಒಂದೇ ದಾರಿಯಲ್ಲಿ ಮನೆಗೆ ಹೋಗುತ್ತಾರೆ.

ಆ ಬೈಗುಳ ಯಾಕೆ ನಾಟುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದು. ತಪ್ಪಾದರೆ ಅಪ್ಪಣೆ ಕೊಟ್ಟವನ ಹೊಟ್ಟೆಗೂ ಏಟು. ಸ್ಟೇಸಿ ಆ್ಯಡಮ್ಸ್ 1960ರ ದಶಕದಲ್ಲಿ ಮಂಡಿಸಿದ ಸಮತೆಯ ಸಿದ್ಧಾಂತವನ್ನು ನಮ್ಮ ಪಠ್ಯ ಅರ್ಧ ಪುಟದಲ್ಲಿ ಮುಗಿಸುತ್ತದೆ. ನನಗೆ ಅದರ ಮೇಲೇ ಹೆಚ್ಚು ಗೌರವ. ಮನುಷ್ಯ ತನಗೆ ಎಷ್ಟು ಸಿಕ್ಕಿತು ಎಂದಷ್ಟೇ ನೋಡುವುದಿಲ್ಲ, ತಾನು ಹಾಕಿದ್ದಕ್ಕೆ ತನಗೆ ಸಿಕ್ಕಿದ್ದು, ಪಕ್ಕದವನು ಹಾಕಿದ್ದಕ್ಕೆ ಅವನಿಗೆ ಸಿಕ್ಕಿದ್ದು, ಎರಡನ್ನೂ ತೂಗಿ ನೋಡುತ್ತಾನೆ ಎಂಬುದು ಅದರ ತಿರುಳು. ಮೀನು ಹಂಚುವ ಕಡೆ ಒಂದು ಗಳಿಗೆ ನಿಂತವರಿಗೆ ಈ ಸಿದ್ಧಾಂತವನ್ನು ಬೇರೆ ಕಲಿಸಬೇಕಾಗಿಲ್ಲ.

ಇದಕ್ಕೆ ವಿರುದ್ಧ ತುದಿಯಲ್ಲಿರುವವನು ಫ್ರೆಡರಿಕ್ ಟೇಲರ್. ಅವನ 'ವೈಜ್ಞಾನಿಕ ನಿರ್ವಹಣೆ'ಯ ಪುಸ್ತಕ 1911ರದು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದ ಆಳಿನಿಂದ 47 ಟನ್ ಹೊರಿಸಿದೆ ಎಂದು ಅವನು ಹೆಮ್ಮೆಯಿಂದ ಬರೆದಿದ್ದಾನೆ. ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂಬುದನ್ನೆಲ್ಲ ಗಡಿಯಾರ ಹಿಡಿದವನೇ ಹೇಳುತ್ತಿದ್ದ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಲೆಕ್ಕ ಹಾಕಿ ನೋಡಿ: ಹೊರೆ ಸುಮಾರು ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. ನಮ್ಮ ಮರಳದಂಡೆಯಲ್ಲಿ ಪರ್ಸೀನ್ ಬರುವ ಮುನ್ನ ರಂಪಣಿ ಎಳೆಯುತ್ತಿದ್ದರು. ಹತ್ತಾರು ಜನ ದಡದಲ್ಲಿ ಎರಡು ಸಾಲಾಗಿ ಹಗ್ಗ ಹಿಡಿದು ಒಂದು ದೊಡ್ಡ ಬಲೆಯನ್ನು ಎಳೆದು ತರುವುದು, ಬಲೆಗೆ ಇಷ್ಟು, ದೋಣಿಗೆ ಇಷ್ಟು, ಹಗ್ಗ ಹಿಡಿದ ಕೈಗಳಿಗೆ ಇಷ್ಟು ಎಂದು ಹಂಚಿಕೊಳ್ಳುವುದು. ಗಡಿಯಾರ ಹಿಡಿದವನು ಅಲ್ಲಿ ಇರಲಿಲ್ಲ. ಒಬ್ಬ ಕೈ ಸಡಿಲಿಸಿದರೆ ಮುಂದಿನವನಿಗೆ ಹಗ್ಗದಲ್ಲೇ ಗೊತ್ತಾಗುತ್ತಿತ್ತು. 1970ರ ದಶಕದ ಕೊನೆಗೆ ರಂಪಣಿ ಹಿಂದೆ ಸರಿಯಿತು. ಅದಕ್ಕೆ ಕಾರಣ ನಿರ್ವಹಣೆಯ ಸೋಲಲ್ಲ. ಮೀನು ದಡಕ್ಕೆ ಬರುವ ಮೊದಲೇ ಯಂತ್ರದ ಬೋಟುಗಳು ಅದನ್ನು ಸುತ್ತಿಕೊಳ್ಳತೊಡಗಿದವು.

ಹಂಚಿಕೆ ಇದ್ದರೆ ಸಾಕು, ಉಳಿದದ್ದೆಲ್ಲ ಸರಿಹೋಗುತ್ತದೆ ಎಂದು ನಾನು ಹೇಳಹೊರಟಂತೆ ಕಂಡರೆ ಹೊನ್ನಾವರಕ್ಕೆ ಬನ್ನಿ, ಮೇಳ ನೋಡಿ.

ಯಕ್ಷಗಾನ ಮೇಳದಲ್ಲಿ ಕಲಾವಿದನಿಗೆ ಪಾಲಿಲ್ಲ, ಒಂದು ಹಂಗಾಮಿನ ತಿರುಗಾಟಕ್ಕೆ ಇಷ್ಟು ಎಂದು ಸಂಬಳ. ಆಟ ಸೋತರೆ ನಷ್ಟ ಯಜಮಾನನದು. ಟೇಲರನ ಲೆಕ್ಕದಲ್ಲಿ ಇಲ್ಲಿ ಯಾರೂ ರಾತ್ರಿ ಎರಡು ಗಂಟೆಯ ಮೇಲೆ ಮೈಮುರಿದು ಕುಣಿಯಬಾರದು. ಆದರೂ ಕುಣಿಯುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇದೇ ಹೊನ್ನಾವರ ತಾಲೂಕಿನವರು, 1933ರಲ್ಲಿ ಹುಟ್ಟಿದವರು, 2012ರಲ್ಲಿ ಪದ್ಮಶ್ರೀ ಪಡೆದವರು; 80 ದಾಟಿದ ಮೇಲೂ ಗೆಜ್ಜೆ ಕಟ್ಟಿದರು. 2017ರಲ್ಲಿ ತೀರಿಕೊಂಡರು. ಅವರ ಕೀಚಕನನ್ನು, ಭಸ್ಮಾಸುರನನ್ನು ನೋಡಿದವರಿಗೆ ಸಂಬಳದ ಚೀಟಿಯಿಂದ ಆ ಕುಣಿತವನ್ನು ವಿವರಿಸಲಾಗದು ಎಂಬುದು ಗೊತ್ತು.

ಅಬ್ರಹಾಂ ಮ್ಯಾಸ್ಲೋ 1943ರಲ್ಲಿ ಬರೆದ ಪ್ರಬಂಧದಲ್ಲಿ ಮನುಷ್ಯನ ಬೇಡಿಕೆಗಳು ಮೆಟ್ಟಿಲು ಮೆಟ್ಟಿಲಾಗಿವೆ: ಹೊಟ್ಟೆ, ಭದ್ರತೆ, ಪ್ರೀತಿ, ಮರ್ಯಾದೆ, ಕೊನೆಗೆ ತನ್ನೊಳಗಿನ ಶಕ್ತಿಯನ್ನು ಪೂರ್ತಿ ಹೊರತರುವ ಹಂಬಲ. (ಎಲ್ಲ ಪುಸ್ತಕಗಳಲ್ಲಿ ಕಾಣುವ ಆ ತ್ರಿಕೋನ ಮ್ಯಾಸ್ಲೋ ಬರೆದದ್ದಲ್ಲ, ಆಮೇಲಿನವರು ಬಿಡಿಸಿದ್ದು. ನಾನೂ ಅದನ್ನು ವರ್ಷಕ್ಕೊಮ್ಮೆ ಸೀಮೆಸುಣ್ಣದಲ್ಲಿ ಬಿಡಿಸಿ ಅವನ ತಲೆಗೆ ಕಟ್ಟಿದ್ದೇನೆ.) ಕೆಳಗಿನದು ತಕ್ಕಮಟ್ಟಿಗೆ ತುಂಬಿದ ಮೇಲೆ ಮೇಲಿನದು ತಲೆ ಎತ್ತುತ್ತದೆ ಎಂಬುದು ವಾದ. ಮೇಳದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಈ ಮೆಟ್ಟಿಲು ತಲೆಕೆಳಗು. ಮಳೆಗಾಲದಲ್ಲಿ ಮನೆ ಹೇಗೆ ನಡೆಯಬೇಕು ಎಂದು ಗೊತ್ತಿಲ್ಲದ ಹುಡುಗ ಕೋಡಂಗಿಯಾಗಿ ಸೇರುತ್ತಾನೆ, ಬಾಲಗೋಪಾಲ ಕುಣಿಯುತ್ತಾನೆ, ಎಂದಾದರೊಂದು ದಿನ ಎರಡನೇ ವೇಷಕ್ಕೆ, ಅಂದರೆ ಮುಖ್ಯ ಪಾತ್ರಕ್ಕೆ, ಕಿರೀಟ ಕಟ್ಟುವ ಕನಸಿನಲ್ಲಿ ವರ್ಷಗಟ್ಟಲೆ ನಿದ್ದೆಗೆಡುತ್ತಾನೆ. ಐದನೇ ಮೆಟ್ಟಿಲಿನ ಆಸೆಗೆ ಮೊದಲನೇ ಮೆಟ್ಟಿಲನ್ನು ಅಡವಿಟ್ಟವರು ಇವರು. ಬಡವನಿಗೆ ಹೊಟ್ಟೆಯದೊಂದೇ ಚಿಂತೆ ಎನ್ನುವುದು ಹೊಟ್ಟೆ ತುಂಬಿದವರ ಊಹೆ ಎಂದು ನನಗೆ ಅನ್ನಿಸಿದ್ದು ಈ ಚೌಕಿಗಳಲ್ಲಿ.

ಹಾಗಾದರೆ ಫ್ರೆಡರಿಕ್ ಹರ್ಜ್‌ಬರ್ಗ್ ಹೇಳಿದ್ದು ಸರಿಯೇ? 1959ರಲ್ಲಿ ಅವನು ಪಿಟ್ಸ್‌ಬರ್ಗ್ ಸುತ್ತಿನ ಸುಮಾರು ಇನ್ನೂರು ಎಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ ಒಂದು ಮಾತು ಹೇಳಿದ: ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ ಕೆಟ್ಟಿದ್ದರೆ ಮನಸ್ಸು ಕೆಡುತ್ತದೆ, ಆದರೆ ಅವು ಚೆನ್ನಾಗಿದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಹುರುಪು ಬರುವುದು ಸಾಧನೆಯಿಂದ, ಮೆಚ್ಚುಗೆಯಿಂದ, ಕೆಲಸದ ಸ್ವಾರಸ್ಯದಿಂದ. ಮೇಳದ ಮಟ್ಟಿಗೆ ಅರ್ಧ ಸರಿ. ಕಲಾವಿದ ಕುಣಿಯುವುದು ಚಪ್ಪಾಳೆಗೆ. ಆದರೆ ಮೇಳ ಬದಲಿಸುವುದು? ಹೊಸ ತಿರುಗಾಟದ ಮುಂಚೆ ಯಾರು ಯಾವ ಮೇಳಕ್ಕೆ ಎಂಬ ಸುದ್ದಿ ಓಡಾಡುವಾಗ ಸಂಬಳದ ಮಾತು ಬಾರದೆ ಇರುವುದಿಲ್ಲ. ಅದೂ ಎಷ್ಟು ಎನ್ನುವುದಕ್ಕಿಂತ 'ಅವನಿಗಿಂತ ಎಷ್ಟು' ಎನ್ನುವ ಮಾತು. ಸಂಬಳವೇ ಇಲ್ಲಿ ಮರ್ಯಾದೆಯ ಅಳತೆಗೋಲಾಗಿದೆ. ಹರ್ಜ್‌ಬರ್ಗ್ ಬೇರೆ ಬೇರೆ ಡಬ್ಬಿಯಲ್ಲಿಟ್ಟದ್ದು ಒಂದರೊಳಗೊಂದು ಸೇರಿಕೊಂಡಿದೆ.

ಪದ ಹಾಡಿ ಆಟ ನಡೆಸುವ ಭಾಗವತರ ನಾಯಕತ್ವವಂತೂ ಯಾವ ಪಠ್ಯದಲ್ಲೂ ಇಲ್ಲ. ಅವರನ್ನು ಮೊದಲನೇ ವೇಷಧಾರಿ ಎನ್ನುತ್ತಾರೆ, ಆದರೆ ವೇಷವಿಲ್ಲ. ರಂಗದ ಹಿಂಬದಿಯಲ್ಲಿ ತಾಳ ಹಿಡಿದು ಕೂರುತ್ತಾರೆ. ಕುಣಿಯುವವನು ಹೆಚ್ಚು ಹೊತ್ತು ಅವರಿಗೆ ಬೆನ್ನು ಹಾಕಿಯೇ ಇರುತ್ತಾನೆ. ಅರ್ಥ ಹೇಳುವವನ ಮುಂದೆ ಬರೆದಿಟ್ಟ ಸಂಭಾಷಣೆ ಇಲ್ಲ. ಅವನ ಮಾತು ರಸ ಕಟ್ಟುತ್ತಿದ್ದರೆ ಭಾಗವತರು ಬಿಡುತ್ತಾರೆ, ಸಣ್ಣದೊಂದು ಮಾತು ಸೇರಿಸಿ ಇನ್ನಷ್ಟು ಬೆಳೆಸಿಕೊಡುತ್ತಾರೆ. ಎಳೆಯಿತು ಎನ್ನಿಸಿದರೆ ಮುಂದಿನ ಪದ ಎತ್ತಿಬಿಡುತ್ತಾರೆ. ಅಷ್ಟೇ. ಅಪ್ಪಣೆಯೂ ಇಲ್ಲ, ಬೈಗುಳವೂ ಇಲ್ಲ. ಎಂಥ ದೊಡ್ಡ ವೇಷಧಾರಿಯಾದರೂ ಮಾತು ನಿಲ್ಲಿಸಿ ಹೆಜ್ಜೆ ಹಾಕಲೇಬೇಕು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಕರ್ಟ್ ಲೆವಿನ್ ಮತ್ತು ಅವನ ಸಂಗಡಿಗರು ಅಯೋವದಲ್ಲಿ ಹತ್ತು ವರ್ಷದ ಹುಡುಗರ ಕೈಯಲ್ಲಿ ಮುಖವಾಡ ಮಾಡಿಸಿ ನೋಡಿದ ಪ್ರಯೋಗವೊಂದಿದೆ. 1939ರಲ್ಲಿ ಅದರ ವರದಿ ಬಂತು. ಜಬರದಸ್ತಿನ ನಾಯಕನಿದ್ದ ಗುಂಪಿನಲ್ಲಿ ಅವನು ಎದುರಿಗಿದ್ದಷ್ಟು ಹೊತ್ತು ಕೆಲಸ ನಡೆಯಿತು, ಅವನು ಹೊರಗೆ ಹೋದೊಡನೆ ಸಡಿಲವಾಯಿತು. ಕೂಡಿ ಮಾತಾಡಿಕೊಂಡ ಗುಂಪಿನಲ್ಲಿ ನಾಯಕ ಎದ್ದುಹೋದರೂ ಕೈಗಳು ನಿಲ್ಲಲಿಲ್ಲ. ಬೆನ್ನು ಹಾಕಿ ಕುಣಿಯುವವನನ್ನು ನಡೆಸುವ ಭಾಗವತರನ್ನು ಲೆವಿನ್ ಕಂಡಿದ್ದರೆ ನಾಯಕರ ಇನ್ನೊಂದು ಬಗೆಯನ್ನು ಸೇರಿಸುತ್ತಿದ್ದನೋ ಏನೋ.

ಎಲ್ಲ ಮೇಳವೂ ಹೀಗಲ್ಲ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಮಗ ಶಂಭು ಹೆಗಡೆಯವರ ಕೈಗೆ ಬಂದಾಗ ಅದಕ್ಕೆ ನಿರ್ದೇಶಕನ ಕಣ್ಣು ಬಂತು. ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ಕಲಿತು ಬಂದ ಶಂಭು ಹೆಗಡೆ 1986ರಲ್ಲಿ ಶ್ರೀಮಯ ಕಲಾಕೇಂದ್ರವನ್ನೂ ತೆರೆದರು. ತಾರೆಯ ಮೇಲೆ ನಿಂತ ಮೇಳ ಒಂದು ಬಗೆ, ತಂಡದ ಶಿಸ್ತಿನ ಮೇಲೆ ನಿಂತದ್ದು ಇನ್ನೊಂದು. ಒಂದೇ ತಾಲೂಕಿನಲ್ಲಿ ಎರಡೂ ಬಾಳಿದವು.

ಶರಾವತಿಯ ಮೇಲಿನ ರೈಲು ಸೇತುವೆಯನ್ನು ಬಿಟ್ಟು ಹೊನ್ನಾವರದಲ್ಲಿ ನಾಯಕತ್ವದ ಮಾತು ಮುಗಿಸುವಂತಿಲ್ಲ. ಎರಡು ಕಿಲೋಮೀಟರಿಗೂ ಮೀರಿದ ಅದು ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ರೈಲ್ವೆಯಿಂದ ನಿವೃತ್ತರಾದ ಇ. ಶ್ರೀಧರನ್ 1990ರಲ್ಲಿ ಕೊಂಕಣ ರೈಲ್ವೆ ನಿಗಮದ ಹೊಣೆ ಹೊತ್ತರು. 1998ರ ಜನವರಿ 26ರಂದು ಪೂರ್ತಿ ಮಾರ್ಗ ತೆರೆಯಿತು. ಗಡುವಿನ ವಿಷಯದಲ್ಲಿ ಅವರು ಯಾವ ತಾಂಡೇಲನಿಗೂ ಕಡಿಮೆಯಲ್ಲ. 1964ರ ಚಂಡಮಾರುತದಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದವರು. ಆದರೆ ಮಾರ್ಗವನ್ನು ಭಾಗ ಭಾಗವಾಗಿ ಒಡೆದು, ಜಾಗದಲ್ಲಿದ್ದ ಮುಖ್ಯ ಎಂಜಿನಿಯರುಗಳ ಕೈಗೇ ತೀರ್ಮಾನದ ಅಧಿಕಾರ ಕೊಟ್ಟರು, ಪ್ರತಿ ಕಡತವೂ ಮೇಲಕ್ಕೆ ಹೋಗಿ ಬರಬೇಕಾಗಿರಲಿಲ್ಲ. ಗುರಿಯಲ್ಲಿ ಗಡಸು, ದಾರಿಯಲ್ಲಿ ನಂಬಿಕೆ. ಎಕ್ಸ್ ಎಂದು ಬರೆದರೂ ಅಂಕ ಹೋಗುತ್ತದೆ, ವೈ ಎಂದರೂ ಹೋಗುತ್ತದೆ.

ನಾಯಕನೇ ಬೇಡವೆನ್ನುವ ಕಡೆಯೂ ಇದೆ. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿಯಲ್ಲಿ ರೈತರು ಕಗ್ಗ ಭತ್ತವನ್ನು ಕೂಡಿ ಬೆಳೆದಿದ್ದಾರೆ. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಅಷ್ಟು ಗೊತ್ತಿದ್ದರೆ ಮೇಲ್ವಿಚಾರಕನ ಕೆಲಸ ಅರ್ಧ ಮುಗಿದಂತೆ.

ಪಾಟ್ನಾದ ಮನಶ್ಶಾಸ್ತ್ರಜ್ಞ ಜೈ ಬಿ.ಪಿ. ಸಿನ್ಹಾ 1980ರಲ್ಲಿ ಬರೆದ ಪುಸ್ತಕ ನನ್ನ ಪಠ್ಯಕ್ರಮದಲ್ಲಿ ಇರಲೇ ಇಲ್ಲ. ಭಾರತದ ಕೆಲಸಗಾರ ಏಕಾಏಕಿ ಸಮಾನತೆಯ ನಾಯಕನನ್ನು ಒಪ್ಪುವುದಿಲ್ಲ, ಬರೀ ದರ್ಪದವನನ್ನೂ ಒಪ್ಪುವುದಿಲ್ಲ. ಅಕ್ಕರೆ ತೋರಿಸುತ್ತಾ, ಆ ಅಕ್ಕರೆಯನ್ನು ಕೆಲಸಕ್ಕೆ ಕಟ್ಟಿಹಾಕುತ್ತಾ, ಮೆಲ್ಲಗೆ ಅವನನ್ನು ಸ್ವಂತ ಕಾಲಿನ ಮೇಲೆ ನಿಲ್ಲಿಸುವವನು ಇಲ್ಲಿ ಗೆಲ್ಲುತ್ತಾನೆ ಎಂದವರು ಸಿನ್ಹಾ. ಹುಡುಗನ ಅಪ್ಪ ಹೆಚ್ಚುಕಡಿಮೆ ಆ ಜಾತಿಯವರೇ ಇರಬೇಕು. ನೀರಿನಲ್ಲಿ ಬಯ್ದವನು ಕಲಾಸಿಯ ತಂಗಿಯ ಮದುವೆಗೆ ಮುಂಚಿನ ದಿನವೇ ಹೋಗಿ ನಿಲ್ಲುತ್ತಾನೆ. ನನ್ನ ತಕರಾರು ಒಂದೇ: 'ಮೆಲ್ಲಗೆ ಸ್ವಂತ ಕಾಲಿನ ಮೇಲೆ' ಎಂಬ ಕೊನೆಯ ಹಂತಕ್ಕೆ ನಮ್ಮ ಊರಿನ ಹೆಚ್ಚಿನ ಧಣಿಗಳು ಬರುವುದೇ ಇಲ್ಲ. ಇಪ್ಪತ್ತು ವರ್ಷ ದುಡಿದವನೂ ಅಂಗಡಿಯಲ್ಲಿ 'ನಮ್ಮ ಹುಡುಗ'ನಾಗಿಯೇ ಉಳಿಯುತ್ತಾನೆ.

ಈಗ ಬಂದರಿಗೆ ಹೋದರೆ ಕಾಣುವ ದೃಶ್ಯ ಬೇರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ಬೋಟುಗಳು ನೀರಿಗಿಳಿಯುವಾಗ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಂದಿರುತ್ತಾರೆ. ಊರಿನ ಹುಡುಗರು ಗಲ್ಫಿಗೋ ಬೆಂಗಳೂರಿಗೋ ಹೋಗಿದ್ದಾರೆ. ಹೊರಗಿನಿಂದ ಬಂದ ಎಷ್ಟೋ ಜನರಿಗೆ ಪಾಲಿಲ್ಲ, ತಿಂಗಳ ಸಂಬಳ. ಮುಂಗಡ ಪಡೆದಿದ್ದರೆ ಅದು ತೀರುವ ತನಕ ಹೊರಡುವಂತಿಲ್ಲ. ತಾಂಡೇಲ ಅವನೇ, ಕೈ ಎತ್ತುವ ರೀತಿ ಅದೇ, ಬೈಗುಳವೂ ಅದೇ, ಭಾಷೆ ಮಾತ್ರ ಹರಕು ಹಿಂದಿ. ಆದರೆ ಮೀನು ತಪ್ಪಿದರೆ ಈ ಹುಡುಗನಿಗೆ ಹೋಗುವುದೇನೂ ಇಲ್ಲ, ಹೆಚ್ಚು ಬಿದ್ದರೆ ಬರುವುದೂ ಇಲ್ಲ. ನಾನು ಪರ್ಸೀನ್ ಬೋಟಿನಲ್ಲಿ ಹೋದ ದಿನ ನನ್ನ ಪಕ್ಕ ಹಗ್ಗ ಸುತ್ತುತ್ತಿದ್ದವನು ಬಲೆಯಲ್ಲಿ ಏನು ಬಿತ್ತು ಎಂದು ತಿರುಗಿಯೂ ನೋಡಲಿಲ್ಲ. 'ಇವರಿಗೆ ಕೆಲಸದಲ್ಲಿ ಮನಸ್ಸೇ ಇಲ್ಲ ಸರ್' ಎಂದು ತಾಂಡೇಲ ನನ್ನ ಹತ್ತಿರ ದೂರಿದ. ಮೆಕ್‌ಗ್ರೆಗರ್ 1960ರಲ್ಲಿ ಬರೆದ ಎಚ್ಚರಿಕೆ ಅದೇ: ಮೈಗಳ್ಳ ಎಂದು ನಂಬಿ ಹಾಗೆಯೇ ನಡೆಸಿಕೊಂಡರೆ, ಅವನು ಮೈಗಳ್ಳನಾಗಿ ನಿಮ್ಮ ನಂಬಿಕೆಯನ್ನು ನಿಜ ಮಾಡಿ ತೋರಿಸುತ್ತಾನೆ.

ಆ ಉತ್ತರಪತ್ರಿಕೆ ಈಗ ಕೈಗೆ ಬಂದರೆ 'ವಿಷಯಾಂತರ'ವನ್ನು ಹೊಡೆದುಹಾಕಿ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಹಿಡಿದಿಡುವುದು ಅಪ್ಪನ ಬೋಟಿನಲ್ಲಿ ಪಾಲು ಹಂಚುವುದನ್ನು ಅವನು ಬರೆಯದೆ ಬಿಟ್ಟದ್ದಕ್ಕೆ.